ಒಲೆಕಟ್ಟೆಗೆ ಯಾರ ಒಪ್ಪಿಗೆ?

ದಾದರಿನ ಒಂದು ಅಡ್ಡರಸ್ತೆಯಲ್ಲಿ ದೊಡ್ಡಪ್ಪನ ಹೋಟೆಲಿತ್ತು. ಗಲ್ಲಾದ ಕೆಳಗೆ ಒಂದು ತಗಡಿನ ಟ್ರಂಕು. ಬೇಸಿಗೆ ರಜೆಗೆ ಊರಿಂದ ಬಂದಾಗಲೆಲ್ಲ ಅದರಲ್ಲಿ ದುಡ್ಡು ತುಂಬಿದೆ ಎಂದೇ ನಾನು ನಂಬಿದ್ದೆ. ದುಡ್ಡಲ್ಲ, ಕಾಗದ ಎಂದು ತಿಳಿದದ್ದು ನಾನೂ ಮುಂಬೈಗೆ ಬಂದು ನೌಕರಿ ಹಿಡಿದ ಮೇಲೆ, ಸುಮಾರು ಇಪ್ಪತ್ತು ವರ್ಷದ ಹಿಂದೆ.

ಆ ಮಳೆಗಾಲದಲ್ಲಿ ಅಡುಗೆಮನೆಯ ನೆಲ ಕುಸಿಯಿತು. ಗ್ರೈಂಡರ್ ಇಟ್ಟಿದ್ದ ಮೂಲೆ ಒಂದು ಗೇಣು ಕೆಳಗಿಳಿದಿತ್ತು. ನೆಲ ಕಿತ್ತು ಹೊಸದಾಗಿ ಹಾಸುವುದು, ಹೇಗೂ ಕೆಲಸ ಮಾಡಿಸುವುದಲ್ಲ ಎಂದು ಒಲೆಕಟ್ಟೆಯನ್ನು ಸ್ವಲ್ಪ ಉದ್ದ ಮಾಡುವುದು, ಹೊಗೆ ಕೊಳವೆಯನ್ನು ಎತ್ತರಿಸುವುದು. ಇಷ್ಟೇ ದೊಡ್ಡಪ್ಪನ ಮನಸ್ಸಿನಲ್ಲಿದ್ದದ್ದು. "ನಿನಗೆ ಇಂಗ್ಲಿಷ್ ಬರ್ತದಲ್ಲ, ಎರಡು ಶನಿವಾರ ನನ್ನೊಟ್ಟಿಗೆ ಬಾ ಮಾರಾಯ" ಎಂದರು. ಆ ಎರಡು ಶನಿವಾರ ಹನ್ನೊಂದು ತಿಂಗಳಾಯಿತು.

ನಾವು ಹಿಡಿದ ಆರ್ಕಿಟೆಕ್ಟ್ ಮೊದಲು ಕೇಳಿದ್ದು ಅಡುಗೆಮನೆ ಹೇಗಿರಬೇಕು ಎಂದಲ್ಲ. ಹಿಂಭಾಗದ ಶೀಟಿನ ಮಾಡಿನತ್ತ ಕೈತೋರಿಸಿ, ಇದು 1962ರ ಏಪ್ರಿಲ್ 1ಕ್ಕಿಂತ ಮುಂಚೆ ಕಟ್ಟಿದ್ದು ಅನ್ನುವುದಕ್ಕೆ ಪುರಾವೆ ಇದೆಯೇ ಎಂದು. ದೊಡ್ಡಪ್ಪ ಮಾತಾಡದೆ ಟ್ರಂಕು ಎಳೆದರು. ಬಾಡಿಗೆ ರಶೀದಿಯ ಕಟ್ಟುಗಳು, ಹಳೆಯ ಕರೆಂಟು ಬಿಲ್ಲುಗಳು, ವರ್ಷ ವರ್ಷದ ಗುಮಾಸ್ತಾ ಲೈಸೆನ್ಸು, ಪಾಲಿಕೆಯ ನೋಟೀಸುಗಳು. ಅಂಗಡಿ ಎಷ್ಟು ಹಳೆಯದೋ ಕಾಗದವೂ ಅಷ್ಟೇ ಹಳೆಯದು. ಒಂದನ್ನೂ ಅವರು ಎಸೆದಿರಲಿಲ್ಲ.

ಮುಂಬೈಯಲ್ಲಿ ಅಂಗಡಿ ನಡೆಸುವವರಿಗೆ ಆ ತಾರೀಖು ಬಾಯಿಪಾಠ. ಮಂಜೂರಾದ ನಕ್ಷೆಯಲ್ಲಿ ಇಲ್ಲದ ಒಂದು ವ್ಯಾಪಾರದ ಕಟ್ಟಡ ಅಂದಿಗೆ ಮೊದಲೇ ಇತ್ತೆಂದು ತೋರಿಸಿದರೆ ಪಾಲಿಕೆ ಅದನ್ನು ಸಕ್ರಮ ಎನ್ನುವುದಿಲ್ಲ, ಕೆಡವುವುದೂ ಇಲ್ಲ, ಸಹಿಸಿಕೊಳ್ಳುತ್ತದೆ. 'ಟಾಲರೇಟೆಡ್ ಸ್ಟ್ರಕ್ಚರ್' ಎಂದೇ ಅದಕ್ಕೆ ಹೆಸರು. ವಾಸದ ಕಟ್ಟಡಗಳಿಗಾದರೆ 1964ರ ಏಪ್ರಿಲ್ 17. ಸಹಿಸಿಕೊಂಡದ್ದನ್ನು ರಿಪೇರಿ ಮಾಡಬಹುದು, ಆದರೆ ಇದ್ದ ಅಳತೆಯಲ್ಲೇ. ಉದ್ದ ಮಾಡುವ ಹಾಗಿಲ್ಲ. ದೊಡ್ಡಪ್ಪನ ಒಲೆಕಟ್ಟೆ ಅಲ್ಲಿಗೇ ನಿಂತಿತು.

ಉಡುಪಿ ಹೋಟೆಲುಗಳ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ಅದರಲ್ಲಿ ದೋಸೆ ಇದೆ, ರಾತ್ರಿ ಶಾಲೆ ಇದೆ, ಬರಿಗೈಲಿ ಬೋಟು ಹತ್ತಿ ಬಂದವರ ಸಾಹಸ ಇದೆ. ಆ ಹೋಟೆಲುಗಳ ಗೋಡೆಗಳ ಕಥೆ ಮಾತ್ರ ನನಗೆ ಎಲ್ಲೂ ಸಿಕ್ಕಲಿಲ್ಲ. ಬಾಡಿಗೆ ಜಾಗದಲ್ಲಿ ಒಂದು ಕಟ್ಟೆ ಕಟ್ಟಲು, ಒಂದು ಹಲಗೆಯ ಮರೆ ನಿಲ್ಲಿಸಲು ಯಾರ ಸಹಿ ಬೇಕಿತ್ತು? ಆ ಸಹಿ ಸಿಗದಿದ್ದಾಗ ಏನು ಮಾಡಿದರು? ನಾವು ಇಂದಿಗೂ ಹೋಗಿ ಕೂರುವ ಆ ಇಕ್ಕಟ್ಟಾದ, ಕನ್ನಡಿ ಹಚ್ಚಿದ, ಹಿಂದೆ ಕತ್ತಲ ಅಡುಗೆಮನೆಯಿರುವ ಹೋಟೆಲಿನ ರೂಪ ಮಾಲೀಕರ ಅಭಿರುಚಿಯಿಂದ ಮಾತ್ರ ಬಂದದ್ದಲ್ಲ ಎಂದು ಆ ಹನ್ನೊಂದು ತಿಂಗಳಲ್ಲಿ ನನಗೆ ಅನ್ನಿಸತೊಡಗಿತು.

ಮೊದಲ ಸಹಿ ಪಾಲಿಕೆಯದು. ಮುಂಬೈ ಮಹಾನಗರ ಪಾಲಿಕೆ ಇಂದಿಗೂ ನಡೆಯುವುದು 1888ರ ಕಾಯ್ದೆಯ ಮೇಲೆ. ಅದರ 342ನೇ ಕಲಮಿನ ಪ್ರಕಾರ ಕಟ್ಟಡಕ್ಕೆ ಏನನ್ನಾದರೂ ಸೇರಿಸುವವರು, ಬದಲಿಸುವವರು ಕಮಿಷನರಿಗೆ ಮೊದಲೇ ನೋಟೀಸು ಕೊಡಬೇಕು. ಅನುಮತಿಯಿಲ್ಲದೆ ಕೆಲಸ ಶುರುವಾದರೆ 351ನೇ ಕಲಮು. ಕೆಲಸ ನಡೆಯುತ್ತಿರುವಾಗಲೇ ಹಿಡಿದರೆ 354ಎ, ಅಂದರೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಅನುಮತಿ ಪತ್ರ ತೋರಿಸು, ಇಲ್ಲವೇ ನಿಲ್ಲಿಸು. ಹೋಟೆಲ್ ನಡೆಸಲಿಕ್ಕೇ ಬೇರೆ ಲೈಸೆನ್ಸು, ಅದು 394ನೇ ಕಲಮು. ನಮ್ಮ ಹೋಟೆಲಿನವರು ಈ ಕಲಮುಗಳನ್ನು ಮನೆಯವರ ಹೆಸರಿನ ಹಾಗೆ ಹೇಳುತ್ತಾರೆ. "ಮುನ್ನೂರೈವತ್ತೊಂದು ಬಂದಿದೆ" ಎಂದರೆ ಎದುರಿನವರು "ಅಯ್ಯೋ" ಎನ್ನುತ್ತಾರೆ, ವಿವರ ಕೇಳುವುದಿಲ್ಲ.

ಈ ಕಾಯ್ದೆಯಲ್ಲಿ ಒಂದು ದಯೆಯೂ ಇದೆ. ಬಾಡಿಗೆದಾರ ಬದುಕಲು ಬೇಕಾದ ಸಣ್ಣ ರಿಪೇರಿಗೆ ಅನುಮತಿ ಬೇಡ. ಗಾರೆ, ಬಣ್ಣ, ನೆಲದ ಟೈಲು, ನಲ್ಲಿ, ಚರಂಡಿ ಪೈಪು, ಕರೆಂಟಿನ ಸಾಮಾನು, ಅದೇ ವಸ್ತುವಿನಿಂದ ಮಾಡು ಬದಲಿಸುವುದು. ಇದಕ್ಕೆ 'ಟೆನಂಟೆಬಲ್ ರಿಪೇರಿ' ಎನ್ನುತ್ತಾರೆ. ಮುಂಬೈಯಲ್ಲಿ ಎಷ್ಟೋ ದೊಡ್ಡ ಕೆಲಸಗಳು ಈ ಸಣ್ಣ ಬಾಗಿಲಿನಿಂದಲೇ ಒಳಗೆ ನುಗ್ಗಿವೆ. ಟೈಲು ಹಾಕಿಸುತ್ತೇವೆ ಎಂದು ಹೇಳಿ ಗೋಡೆಯನ್ನೇ ಸರಿಸಿದವರನ್ನು ನಾನು ಬಲ್ಲೆ.

ಇಷ್ಟೆಲ್ಲ ಕಟ್ಟುಪಾಡು ಲಂಚಕ್ಕೆಂದೇ ಹುಟ್ಟಿದ್ದು ಎಂಬ ಮಾತು ನಮ್ಮ ಕೂಟಗಳಲ್ಲಿ ಸಾಮಾನ್ಯ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಈ ಊರಿನ ಚಾಳುಗಳಲ್ಲಿ ಗಾಳಿ ಬೆಳಕು ಇಲ್ಲದ ಕೋಣೆಗಳೇ ಹೆಚ್ಚು. ಜನ ಊರು ಬಿಟ್ಟು ಓಡಿದರು. ಎರಡು ವರ್ಷದಲ್ಲಿ, 1898ಕ್ಕೆ, ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಹಳೆಯ ಓಣಿಗಳನ್ನು ಒಡೆಯುವುದು, ಉತ್ತರಕ್ಕೆ ಹೊಸ ಬಡಾವಣೆ ಮಾಡುವುದು ಅದರ ಕೆಲಸ. ದಾದರ್, ಮಾಟುಂಗಾ, ಸಾಯನ್ ಆದದ್ದು ಹಾಗೆ. ಕಟ್ಟಡಗಳ ನಡುವೆ ಇಷ್ಟು ಜಾಗ ಬಿಡಬೇಕು, ಹಿಂದೆ ತೆರೆದಿರಬೇಕು ಎಂಬ ನಿಯಮಗಳ ಹಿಂದೆ ಸತ್ತವರ ಲೆಕ್ಕವಿತ್ತು. ನಮ್ಮ ಹೋಟೆಲುಗಳು ಅಡುಗೆಮನೆಯ ಮಾಡು ಇಳಿಸಿದ್ದು ಆ ತೆರೆದ ಜಾಗಕ್ಕೇ.

ಟ್ರಸ್ಟ್ ಜಾಗವನ್ನು ಮಾರಲಿಲ್ಲ, ದೀರ್ಘ ಲೀಸಿಗೆ ಕೊಟ್ಟಿತು. 1933ರಲ್ಲಿ ಟ್ರಸ್ಟ್ ಪಾಲಿಕೆಯೊಳಗೆ ಸೇರಿತು, ಲೀಸುಗಳೂ ಅದರ ಜೊತೆ ಹೋದವು. ಹಾಗಾಗಿ ಮಾಟುಂಗಾದಂಥ ಕಡೆ ನೆಲ ಪಾಲಿಕೆಯದು, ಕಟ್ಟಡ ಲೀಸು ಹಿಡಿದ ಸೇಟುವಿನದು, ಒಳಗಿನ ಅಂಗಡಿ ಬಾಡಿಗೆಗೆ ಹಿಡಿದ ನಮ್ಮವರದು. ಒಂದೇ ಗೋಡೆಗೆ ಮೂರು ಜನ. ಬಡಾವಣೆ ತುಂಬಿದ್ದು ಮೂವತ್ತರ ದಶಕದಲ್ಲಿ. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು ಅಲ್ಲಿ ಬಿಡಾರ ಹೂಡಿದರು. ಅವರ ಬೆನ್ನಿಗೇ ಅವರಿಗೆ ಕಾಫಿ ಮಾಡಿ ಕೊಡುವವರೂ ಬಂದರು. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಮಾಟುಂಗಾ ಸ್ಟೇಷನ್ ಪಕ್ಕದ ಮಾರ್ಕೆಟ್ ಕಟ್ಟಡದ ಮೆಟ್ಟಿಲಲ್ಲಿ ಊಟಕ್ಕೆ ಕ್ಯೂ ನಿಂತ ನೆನಪು ನಿಮ್ಮಲ್ಲಿ ಹಲವರಿಗೆ ಇದ್ದೀತು.

ಎರಡನೆಯ ಸಹಿ ಮನೆ ಮಾಲೀಕನದು, ಮತ್ತು ನಿಜವಾದ ಬೀಗ ಇರುವುದು ಅಲ್ಲೇ. ಯುದ್ಧಕಾಲದಲ್ಲಿ ಬಾಡಿಗೆ ಏರದಂತೆ ತಡೆಯುವ ಕಾನೂನುಗಳು ಮುಂಬೈಗೆ ಹೊಸದಲ್ಲ, 1918ರಲ್ಲೇ ಒಂದು ಬಂದಿತ್ತು. ಗಟ್ಟಿಯಾಗಿ ಉಳಿದದ್ದು 1947ರ ಬಾಡಿಗೆ ನಿಯಂತ್ರಣ ಕಾಯ್ದೆ. 1940ರ ಸೆಪ್ಟೆಂಬರ್ 1ರಂದು ಒಂದು ಜಾಗದ ಬಾಡಿಗೆ ಎಷ್ಟಿತ್ತೋ ಅದೇ ಅದರ ನ್ಯಾಯವಾದ ಬಾಡಿಗೆ. ಆಮೇಲೆ ಮೊದಲ ಬಾರಿ ಬಾಡಿಗೆಗೆ ಹೋದ ಜಾಗಕ್ಕೆ ಆ ಮೊದಲ ಬಾಡಿಗೆ. ಕೊಡುತ್ತಾ ಇರುವವರೆಗೆ ಎಬ್ಬಿಸುವ ಹಾಗಿಲ್ಲ. ಮನೆಗಷ್ಟೇ ಅಲ್ಲ, ಅಂಗಡಿಗೂ ಇದೇ ರಕ್ಷಣೆ. ಈ ಕಾಯ್ದೆ ಇಲ್ಲದಿದ್ದರೆ ಮುಂಬೈಯಲ್ಲಿ ಉಡುಪಿ ಹೋಟೆಲೆಂಬುದು ಒಂದು ತಲೆಮಾರು ಉಳಿಯುತ್ತಿರಲಿಲ್ಲ ಎಂದೇ ನನ್ನ ಅಂದಾಜು. ಎಂಟಾಣೆಯ ರೈಸ್‌ಪ್ಲೇಟ್ ಮಾರಿ ಪೇಟೆಯ ಬಾಡಿಗೆ ಕೊಡುವುದು ಯಾರಿಂದಲೂ ಆಗದು.

ರಕ್ಷಣೆಗೆ ಒಂದು ಷರತ್ತಿತ್ತು. ಬಾಡಿಗೆದಾರನನ್ನು ಎಬ್ಬಿಸಲು ಮಾಲೀಕನಿಗೆ ಉಳಿದಿದ್ದ ಕೆಲವೇ ಕಾರಣಗಳಲ್ಲಿ ಒಂದು 13ನೇ ಕಲಮಿನಲ್ಲಿತ್ತು: ತನ್ನ ಲಿಖಿತ ಒಪ್ಪಿಗೆಯಿಲ್ಲದೆ ಬಾಡಿಗೆದಾರ ಅಲ್ಲಿ ಶಾಶ್ವತ ಕಟ್ಟಡ ಕಟ್ಟಿದ್ದಾನೆ. ಪುಡಿಗಾಸಿನ ಬಾಡಿಗೆಗೆ ಸಿಕ್ಕಿಬಿದ್ದ ಮಾಲೀಕನ ಕಣ್ಣು ಆ ಒಂದು ವಾಕ್ಯದ ಮೇಲೆ. ಅವನು ಒಪ್ಪಿಗೆ ಬರೆದುಕೊಡುವುದಿಲ್ಲ. ಕೊಟ್ಟರೆ ಅಸ್ತ್ರವೇ ಹೋಯಿತು. ಪಾಲಿಕೆಯ ಕೌಂಟರಿನಲ್ಲೋ ಮೊದಲು ಕೇಳುವುದು ಮಾಲೀಕನ ಒಪ್ಪಿಗೆ ಪತ್ರ. ಅದಿಲ್ಲದೆ ಅನುಮತಿಯಿಲ್ಲ, ಅನುಮತಿಯಿಲ್ಲದೆ ಕಟ್ಟಿದರೆ ಪಾಲಿಕೆ ಒಡೆಯುತ್ತದೆ, ಒಡೆಯದೆ ಬಿಟ್ಟರೆ ಮಾಲೀಕ ಕೋರ್ಟಿಗೆ ಹೋಗುತ್ತಾನೆ.

ಆಗ ಮುಖ್ಯವಾದ ಪ್ರಶ್ನೆ ಒಂದೇ. ಶಾಶ್ವತ ಎಂದರೇನು? ಇಟ್ಟಿಗೆ ಗಾರೆ ಹಾಕಿದ್ದು ಶಾಶ್ವತವೇ? ಮೊಳೆ ಹೊಡೆದದ್ದು? ದಶಕಗಟ್ಟಲೆ ಮುಂಬೈಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ವಕೀಲರು ವಾದಿಸಿದ್ದು ಇದನ್ನೇ. ಕಟ್ಟಿದವನ ಉದ್ದೇಶವೇನಿತ್ತು, ನೆಲಕ್ಕೆ ಗೋಡೆಗೆ ಹೇಗೆ ಕೂರಿಸಿದ್ದಾನೆ, ಮೂಲ ಕಟ್ಟಡಕ್ಕೆ ಪೆಟ್ಟಾಗದೆ ತೆಗೆಯಲು ಬರುತ್ತದೆಯೇ ಎಂದು ನ್ಯಾಯಾಧೀಶರು ಅಳೆಯುತ್ತಿದ್ದರು. ಹೋಟೆಲಿನವರು ಈ ಪಾಠ ಬೇಗ ಕಲಿತರು. ಇಟ್ಟಿಗೆ ಬೇಡ, ಹಲಗೆ ಸಾಕು. ಸಿಮೆಂಟು ಬೇಡ, ಸ್ಕ್ರೂ ಸಾಕು. ಫ್ಯಾಮಿಲಿ ರೂಮಿನ ಪ್ಲೈವುಡ್ ಮರೆ, ಬಿಚ್ಚಬಹುದಾದ ಮಾರ್ಬಲ್ ಮೇಜು, ಕೋಣೆ ದೊಡ್ಡದಾಗಿ ಕಾಣಲೆಂದು ಗೋಡೆಗೆ ಹಚ್ಚಿದ ಕನ್ನಡಿ. ಗೋಡೆ ಸರಿಸಲು ಬಾರದವನಿಗೆ ಕನ್ನಡಿಯೇ ಗತಿ.

1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 16ನೇ ಕಲಮಿನ ಕೆಳಗೆ ಒಂದು ವಿವರಣೆಯಿದೆ. ಪಾಲಿಕೆಯ ಅನುಮತಿ ಬೇಕಾದಲ್ಲಿ ಅದನ್ನು ಪಡೆದು ಮಾಡಿದ ಕೆಲವು ಕೆಲಸಗಳು ಶಾಶ್ವತ ಕಟ್ಟಡವಲ್ಲ ಎಂದು ಅದು ಹೇಳುತ್ತದೆ. ಯಾವುವು? ಮರದ ಮರೆ, ಅಡುಗೆಮನೆಯ ನಿಂತು ಮಾಡುವ ಒಲೆಕಟ್ಟೆ, ಬಾಗಿಲು, ಜಾಲರಿ, ಗಾಳಿಗಾಗಿ ತೆರೆದ ಕಿಟಕಿ, ಫಾಲ್ಸ್ ಸೀಲಿಂಗ್, ಏರ್ ಕಂಡೀಷನರ್, ಗಾಳಿ ಹೊರಹಾಕುವ ದಾರಿ, ಹೊಗೆ ಕೊಳವೆ. ಮೊದಲ ಸಲ ಓದಿದಾಗ ನನಗೆ ನಗು ಬಂತು. ಯಾವುದೋ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಬರೆದ ಪಟ್ಟಿಯ ಹಾಗಿದೆ. ಇದರಲ್ಲಿ ಒಂದೊಂದು ಶಬ್ದದ ಹಿಂದೆಯೂ ಯಾರೋ ಒಬ್ಬ ಬಾಡಿಗೆದಾರ ಕೋರ್ಟಿನ ಬೆಂಚಿನ ಮೇಲೆ ಕೂತು ಕಾದಿರಬೇಕು.

ದೊಡ್ಡಪ್ಪನಿಗೆ ಆ ಪುಟವನ್ನು ಜೆರಾಕ್ಸ್ ಮಾಡಿ ತಂದು ತೋರಿಸಿದೆ. ಒಲೆಕಟ್ಟೆ, ಹೊಗೆ ಕೊಳವೆ ಎರಡೂ ಇದೆ ನೋಡಿ ಎಂದೆ. ಅವರು ಕನ್ನಡಕ ಏರಿಸಿ ನೋಡಿ, "ಇದು ಸೇಟು ಕೋರ್ಟಿಗೆ ಹೋದ ಮೇಲೆ ನಮ್ಮ ವಕೀಲ ಓದುವುದು. ಅದಕ್ಕಿಂತ ಮೊದಲು ಹೋಗುವ ದುಡ್ಡಿಗೆ ಯಾವ ಕಲಮು?" ಎಂದರು.

ಆ ದುಡ್ಡು ಪಗಡಿಯ ದುಡ್ಡು. 1947ರ ಕಾಯ್ದೆ ಬಾಡಿಗೆಯ ಮೇಲೆ ಮಾಲೀಕ ಮುಂಗಡವಾಗಿ ದೊಡ್ಡ ಮೊತ್ತ ಪಡೆಯುವುದನ್ನು ಅಪರಾಧ ಮಾಡಿತ್ತು. ಎಲ್ಲರೂ ಪಡೆದರು, ಎಲ್ಲರೂ ಕೊಟ್ಟರು, ರಶೀದಿ ಮಾತ್ರ ಯಾರಲ್ಲೂ ಇಲ್ಲ. ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1999ರ ಕಾಯ್ದೆಯ 56ನೇ ಕಲಮಿನಲ್ಲಿ. ಮಧ್ಯದ ಐವತ್ತು ವರ್ಷ ಹೋಟೆಲಿನ ರಿಪೇರಿ ಒಪ್ಪಿಗೆಯೂ ಇದೇ ದಾರಿಯಲ್ಲಿ ನಡೆಯಿತು: ಸೇಟುವಿಗೆ ಕವರು ತಲುಪುತ್ತದೆ, ಅವನು ಸಹಿ ಹಾಕುವುದಿಲ್ಲ, ಆದರೆ ಆ ಎರಡು ವಾರ ಅಂಗಡಿಯ ಕಡೆ ಬರುವುದೂ ಇಲ್ಲ. ಕಾಗದದಲ್ಲಿ ಏನೂ ಉಳಿಯಲಿಲ್ಲವಾದ್ದರಿಂದ ಅವನ ಮಗ ಇಪ್ಪತ್ತು ವರ್ಷದ ಮೇಲೆ ಬಂದು ಇದನ್ನು ಕಟ್ಟಿದ್ದು ಯಾವಾಗ ಎಂದು ಕೇಳಬಹುದು. ನಮ್ಮ ವಿಷಯದಲ್ಲಿ ಆದದ್ದೂ ಅದೇ.

ಇನ್ನೊಂದು ಗೋಜಲು 'ಕಂಡಕ್ಟಿಂಗ್'. ಒಳಬಾಡಿಗೆ ಕೊಡುವಂತಿಲ್ಲವಲ್ಲ, ಹಾಗಾಗಿ ಹೋಟೆಲನ್ನು ನಡೆಸಿಕೊಂಡು ಹೋಗಲು ಇನ್ನೊಬ್ಬರಿಗೆ ಕೊಡುವುದು. ಬಾಡಿಗೆ ರಶೀದಿ ಒಬ್ಬರ ಹೆಸರಿನಲ್ಲಿ, ಲೈಸೆನ್ಸು ಒಬ್ಬರ ಹೆಸರಿನಲ್ಲಿ, ಗಲ್ಲಾದಲ್ಲಿ ಕೂರುವವರು ಮತ್ತೊಬ್ಬರು. ಊರಿನಲ್ಲಿ ಮನೆ ಕಟ್ಟಿ ನೆಮ್ಮದಿಯಾಗಿರುವ ಹಳೆಯ ಧಣಿಗೆ ತಿಂಗಳ ದುಡ್ಡು ಹೋಗುತ್ತಿರುತ್ತದೆ. ಇಂಥ ಹೋಟೆಲಿನಲ್ಲಿ ಅಡುಗೆಮನೆ ಸರಿ ಮಾಡಿಸುವುದು ಯಾರ ಕರ್ತವ್ಯ? ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇದನ್ನು ನಾವು ಸೇಟುಗಳ ಮೇಲಾಗಲಿ ಪಾಲಿಕೆಯ ಮೇಲಾಗಲಿ ಹಾಕಲು ಬರುವುದಿಲ್ಲ. ಇದು ನಮ್ಮವರೇ ಮಾಡಿಕೊಂಡದ್ದು.

ಕಟ್ಟಡಗಳೂ ಹಾಳಾಗುತ್ತಿದ್ದವು. ಮಾಲೀಕ ರಿಪೇರಿ ಮಾಡಿಸದಿದ್ದರೆ ಬಾಡಿಗೆದಾರ ನೋಟೀಸು ಕೊಟ್ಟು ತಾನೇ ಮಾಡಿಸಿ ವರ್ಷದ ಬಾಡಿಗೆಯ ಒಂದು ಪಾಲನ್ನು ಮುರಿದುಕೊಳ್ಳಬಹುದು ಎಂದು ಕಾನೂನಿದೆ. ದೊಡ್ಡಪ್ಪನ ತಿಂಗಳ ಬಾಡಿಗೆ 140 ರೂಪಾಯಿ. ಅದರ ಪಾಲಿನಲ್ಲಿ ಎರಡು ಮೂರು ಮೂಟೆ ಸಿಮೆಂಟು ಬರುತ್ತಿತ್ತು. ಮಳೆಗಾಲದಲ್ಲಿ ಹಳೆಯ ಕಟ್ಟಡಗಳು ಬೀಳತೊಡಗಿದ ಮೇಲೆ 1969ರಲ್ಲಿ ಸರ್ಕಾರ ಕಟ್ಟಡ ರಿಪೇರಿ ಮಂಡಳಿ ಮಾಡಿ ಹಳೆಯ ಮುಂಬೈಯ ಬಾಡಿಗೆ ಕಟ್ಟಡಗಳ ಮೇಲೆ ಸೆಸ್ ಹಾಕಿತು. 1940ರ ಸೆಪ್ಟೆಂಬರಿಗಿಂತ ಹಿಂದಿನವು 'ಎ' ವರ್ಗ. ನಮ್ಮದು ಆ ವರ್ಗ. ಹಾಗಾಗಿ ಆ ಹನ್ನೊಂದು ತಿಂಗಳಲ್ಲಿ ಒಂದೂವರೆ ತಿಂಗಳು ಮಂಡಳಿಯ ಒಪ್ಪಿಗೆ ಪತ್ರಕ್ಕೆ ಹೋಯಿತು.

ಇಷ್ಟು ಹೊತ್ತು ನಾನು ಅಟ್ಟದ ಮಾತು ಎತ್ತಲಿಲ್ಲ. ಮುಂಬೈಯ ಹಳೆಯ ಅಂಗಡಿಗಳ ಒಳಮಾಡು ಎತ್ತರ. ಅಡ್ಡಕ್ಕೆ ಹರಡಲು ಜಾಗವಿಲ್ಲದವರು ಆ ಎತ್ತರವನ್ನೇ ಎರಡು ಮಾಡಿದರು. ಮರದ ತೊಲೆ, ಮೇಲೆ ಹಲಗೆ, ಒಂದು ಏಣಿ. ತೆಗೆಯಲು ಬರುವುದರಿಂದ ಶಾಶ್ವತವಲ್ಲ ಎಂದು ವಾದಿಸಲೂ ಅನುಕೂಲ. ಪಾಲಿಕೆಯ ನಿಯಮದಲ್ಲೂ ಅಟ್ಟಕ್ಕೆ ಜಾಗವಿದೆ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ ಪ್ರಕಾರ ಅದರ ಎತ್ತರ ಹೆಚ್ಚೆಂದರೆ ಒಂದೂವರೆ ಮೀಟರು, ಉಪಯೋಗ ಸಾಮಾನು ಇಡಲು. ಒಂದೂವರೆ ಮೀಟರು ಎಂದರೆ ಐದಡಿಗೂ ಕಡಿಮೆ. ಮನುಷ್ಯ ನಿಲ್ಲಬಾರದು ಎಂದೇ ಇಟ್ಟ ಅಳತೆ.

ಆ ಅಟ್ಟಗಳಲ್ಲಿ ಮಲಗಿದ್ದು ನಮ್ಮ ಮಾಣಿಗಳು. ಕೆಳಗೆ ಒಲೆಯ ಕಾವು, ಮೇಲೆ ತಲೆಗೆ ತಾಗುವ ಮಾಡು. ಈರುಳ್ಳಿ ಚೀಲದ ಪಕ್ಕ ಚಾಪೆ. ರಾತ್ರಿ ಶಾಲೆಯಿಂದ ಬಂದವರು ಅಲ್ಲೇ ಓದಿದರು, ಬೆಳಗ್ಗೆ ನಾಲ್ಕಕ್ಕೆ ಅಲ್ಲಿಂದಲೇ ಇಳಿದರು. ಹೋಟೆಲು ನಮ್ಮವರಿಗೆ ಏಣಿಯಾಯಿತು ಎಂದು ಸಮಾರಂಭಗಳಲ್ಲಿ ಭಾಷಣ ಮಾಡುತ್ತಾರಲ್ಲ, ಆ ಏಣಿ ಮೊದಲು ಹತ್ತಿಸಿದ್ದು ಈ ಅಟ್ಟಕ್ಕೆ. ಮಾಣಿಗಳಿಗೆ ಬೇರೆ ಕೋಣೆ ಮಾಡಿಕೊಡಲು ಆಗುತ್ತಿರಲಿಲ್ಲ ಎನ್ನುವುದು ಅರ್ಧ ನಿಜ. ಕೆಲವರಿಗೆ ಆಗುತ್ತಿತ್ತು, ಮಾಡಲಿಲ್ಲ.

ನಂತರದ ವರ್ಷಗಳಲ್ಲಿ ಅಟ್ಟಕ್ಕೆ ಗಿರಾಕಿಗಳೂ ಹತ್ತತೊಡಗಿದರು. ಸ್ವಲ್ಪ ಎತ್ತರಿಸಿ, ಎ.ಸಿ. ಹಾಕಿ, ನಾಲ್ಕು ಮೇಜು ಇಟ್ಟರೆ ಆಯಿತು. 2015ರ ಅಕ್ಟೋಬರಿನಲ್ಲಿ ಕುರ್ಲಾದ ಒಂದು ಸಣ್ಣ ಹೋಟೆಲಿನಲ್ಲಿ ಬೆಂಕಿ ಬಿದ್ದು 8 ಮಂದಿ ಸತ್ತರು. ಮಧ್ಯಾಹ್ನದ ಊಟಕ್ಕೆ ಬಂದು ಅಟ್ಟದಲ್ಲಿ ಕೂತಿದ್ದವರು, ಹೆಚ್ಚಿನವರು ಕಾಲೇಜು ಹುಡುಗರು. 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ತಾರಸಿ ಹೋಟೆಲುಗಳಲ್ಲಿ 14 ಮಂದಿ. ಅದಾದ ಮೇಲೆ ಪಾಲಿಕೆ ಎರಡು ಮೂರು ದಿನದಲ್ಲಿ ನೂರಾರು ಹೋಟೆಲುಗಳ ಹೆಚ್ಚುವರಿ ಕಟ್ಟಡಗಳನ್ನು ಒಡೆದು ಹಾಕಿತು. ಒಡೆಯಲು ಅಷ್ಟೇ ದಿನ ಸಾಕು ಎಂದಾದರೆ ಅವು ಎಲ್ಲಿವೆ ಎಂಬುದು ಮೊದಲೇ ಗೊತ್ತಿತ್ತು ಎಂದಾಯಿತಲ್ಲ.

ಬಾಡಿಗೆ ಕಾನೂನಿನ ಬೀಗ ಸಡಿಲಾದ ಕಥೆಯಲ್ಲೂ ನಮ್ಮ ಕರಾವಳಿಯ ಹೆಸರೊಂದಿದೆ. ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ದಶಕಗಳ ಹಿಂದಿನ ಬಾಡಿಗೆಗೆ ಕಟ್ಟಿಹಾಕುವುದು ಕಾಲ ಕಳೆದಂತೆ ನ್ಯಾಯವಲ್ಲದ ನಿಯಮವಾಗಿದೆ ಎಂದಿತು; ಹೊಸ ಕಾಯ್ದೆ ಬರಲಿದೆ ಎಂಬ ಕಾರಣಕ್ಕೆ ಅದನ್ನು ರದ್ದು ಮಾಡಲಿಲ್ಲ. ಮೊಕದ್ದಮೆ ಮಾಲೀಕರ ಕಡೆಯದು. ಹೊಸ ಕಾಯ್ದೆ 2000ದ ಮಾರ್ಚ್ 31ರಂದು ಜಾರಿಗೆ ಬಂತು. ವರ್ಷಕ್ಕೆ ನೂರಕ್ಕೆ ನಾಲ್ಕು ಏರಿಕೆ. ಬ್ಯಾಂಕುಗಳಿಗೆ, 1 ಕೋಟಿಗೂ ಮೇಲ್ಪಟ್ಟ ಬಂಡವಾಳದ ಕಂಪನಿಗಳಿಗೆ ರಕ್ಷಣೆಯಿಲ್ಲ. ಸಣ್ಣ ಹೋಟೆಲಿನವರಿಗೆ ಉಳಿಯಿತು.

ಈಗ ಹೊಸದಾಗಿ ಜಾಗ ಹಿಡಿಯುವವರಿಗೆ ಲೀವ್ ಅಂಡ್ ಲೈಸೆನ್ಸ್. ಪುಣೆಯಲ್ಲೋ ಠಾಣೆಯಲ್ಲೋ ಕೆಫೆ ತೆರೆಯುವ ಆಸೆಯಿರುವ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರಿಗೆ ಮಾಲೀಕನ ಒಪ್ಪಿಗೆ ಸುಲಭವಾಗಿ ಸಿಗುತ್ತದೆ, ಕರಾರಿನಲ್ಲೇ ಅಚ್ಚಾಗಿರುತ್ತದೆ. ಮೂರೋ ಐದೋ ವರ್ಷಕ್ಕೆ ಎದ್ದು ಹೋಗುವವರು ಏನು ಕಟ್ಟಿದರೂ ಅವನಿಗೇ ಲಾಭ. ಅವರಿಗೆ ನಾನು ಹೇಳುವುದಿಷ್ಟೇ: ಒಳಾಂಗಣದ ಚಿತ್ರ ಬರೆಸುವ ಮುಂಚೆ ಮಂಜೂರಾದ ನಕ್ಷೆಯ ಪ್ರತಿ ಕೇಳಿ, ಕಣ್ಣೆದುರಿನ ಜಾಗದ ಜೊತೆ ಟೇಪು ಹಿಡಿದು ತಾಳೆ ನೋಡಿ. ಹೆಚ್ಚಿಗೆ ಇರುವ ಒಂದೊಂದು ಅಡಿಗೂ ನೋಟೀಸು ಬರುವುದು ಆಗ ಒಳಗೆ ಕೂತವರಿಗೆ.

ದೊಡ್ಡಪ್ಪನಿಗೆ ಕೊನೆಗೆ ಅನುಮತಿ ಸಿಕ್ಕಿತು, ಇದ್ದ ಅಳತೆಗೆ, ಅದೇ ಶೀಟಿನ ಮಾಡಿಗೆ. ಪುರಾವೆಯಾಗಿ ನಿಂತದ್ದು 1958ರ ಒಂದು ಕರೆಂಟು ಬಿಲ್ಲು ಮತ್ತು ಅದರ ಹಿಂದಿನ ವರ್ಷ ಹಿಂಭಾಗದ ಮಾಡು ತೆಗೆಯಬೇಕೆಂದು ಪಾಲಿಕೆಯೇ ಕಳಿಸಿದ್ದ ನೋಟೀಸು. ಅಂದು ಕೆಡವಲು ಬಂದ ಕಾಗದ ಅರ್ಧ ಶತಮಾನದ ಮೇಲೆ ಉಳಿಸಿತು. ಹಾಗಾಗಿಯೇ ಅವರು ಏನನ್ನೂ ಎಸೆಯುತ್ತಿರಲಿಲ್ಲ.

ಅರ್ಜಿಯ ಜೊತೆ ಕೊಡುವ ನಕ್ಷೆಗೆ ಆರ್ಕಿಟೆಕ್ಟಿನ ಹುಡುಗ ಬಂದು ಅಟ್ಟವನ್ನೂ ಅಳೆದಿದ್ದ. ನಾಲ್ಕಡಿ ಒಂಬತ್ತಂಗುಲ. ಕಾಗದದಲ್ಲಿ ಉಪಯೋಗ ಎಂಬ ಕಡೆ ಏನು ಬರೆಯಲಿ ಎಂದು ಮೇಲಿಂದಲೇ ಕೇಳಿದ. ಹದಿಮೂರನೆಯ ವಯಸ್ಸಿಗೆ ಊರು ಬಿಟ್ಟು ಬಂದ ದೊಡ್ಡಪ್ಪ ಆ ಹಲಗೆಯ ಮೇಲೆ ಒಂಬತ್ತು ವರ್ಷ ಮಲಗಿದ್ದರು. ಗಲ್ಲಾದಲ್ಲಿ ಚಿಲ್ಲರೆ ಎಣಿಸುತ್ತಾ, ತಲೆ ಎತ್ತದೆ, "ಸಾಮಾನು ಅಂತ ಬರಿ" ಎಂದರು.